ಕಾಣದ ಜಾಗದ ಹೊಲಿಗೆ

ನನ್ನ ಕುತ್ತಿಗೆಗೆ ಪೀಸು ಕಟ್ಟಿದ್ದವಳು ಹೋದ ತಿಂಗಳು ಸತ್ತಳು. ಸುದ್ದಿ ಹೇಳಿದ ಫ್ಯಾಕ್ಟರಿಯ ಹುಡುಗಿ ಫೋನಿನಲ್ಲಿ ಅಳುತ್ತಿದ್ದಳು. ನಾನು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆ. ಆರಿಸಿ ಮುಗಿಸಿ, ಅನ್ನಕ್ಕಿಟ್ಟು, ಉಂಡು, ತಟ್ಟೆ ತೊಳೆದಿಟ್ಟು ಆಮೇಲೆ ಚಂದಾಪುರದ ಬಸ್ಸು ಹತ್ತಿದೆ. ಸಾವಿನ ಮನೆಗೆ ಹೋಗುವ ಮುಂಚೆ ಉಣ್ಣಬಾರದು ಅನ್ನುತ್ತಾರೆ. ಅವಳಿಗೋಸ್ಕರ ಹಸಿದುಕೊಂಡು ಹೋಗುವಷ್ಟು ಋಣ ನನಗಿರಲಿಲ್ಲ.

ಎದುರಿಗೆ ಮೇಡಂ ಅನ್ನುತ್ತಿದ್ದೆ, ಬಹುವಚನ ಹಚ್ಚಿ ಮಾತಾಡುತ್ತಿದ್ದೆ. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು. ಇಲ್ಲಿ ಅವಳು ಎಂದೇ ಬರೆಯುತ್ತೇನೆ. ಬೈಯುವುದಕ್ಕೆ ಅವಳೇ ಇಲ್ಲ.

ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಅವಳು ನಮ್ಮ ಲೈನಿನ ಸೂಪರ್‌ವೈಸರ್. ನಾಲ್ವತ್ತು ಮಿಷಿನ್ನು, ನಾಲ್ವತ್ತು ಹೆಣ್ಣುಮಕ್ಕಳು. ಲೈನಿನ ಕೊನೆಗೆ ಒಂದು ಮೇಜು, ತಲೆ ಮೇಲೆ ಟ್ಯೂಬ್‌ಲೈಟು, ಅಲ್ಲಿ ನಾನು. ನನ್ನದು ಚೆಕ್ಕಿಂಗ್ ಕೆಲಸ. ಹೊಲಿದು ಬಂದ ಬಟ್ಟೆಗೆ ನಾವು ಪೀಸು ಅನ್ನುವುದು, ಪ್ರತಿ ಪೀಸನ್ನೂ ಒಳಗೆ ಹೊರಗೆ ತಿರುಗಿಸಿ ನೋಡುವುದು. ತಪ್ಪು ಕಂಡರೆ ಆ ಜಾಗಕ್ಕೆ ಒಂದು ಕೆಂಪು ಬಾಣದ ಸ್ಟಿಕರ್ ಅಂಟಿಸಿ ಆಲ್ಟರ್ ಅಂತ ಬುಟ್ಟಿಗೆ ಎಸೆಯುವುದು, ಬಿಚ್ಚಿ ಮತ್ತೆ ಹೊಲಿಯಲಿಕ್ಕೆ. ತಪ್ಪಿಲ್ಲದಿದ್ದರೆ ಓಕೆ. ನನ್ನ ಓದು ನಾಲ್ಕನೇ ಕ್ಲಾಸಿಗೆ ನಿಂತಿತ್ತು. ಕಣ್ಣು ಮಾತ್ರ ಓದಿದವರಿಗಿಂತ ಚುರುಕಾಗಿತ್ತು, ಅದನ್ನು ಅವಳೂ ಒಪ್ಪುತ್ತಿದ್ದಳು. ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ.

ದಾರ ಕತ್ತರಿಸುವ ಸಣ್ಣ ಕತ್ತರಿಯೊಂದು ಸದಾ ಅವಳ ಬಲಗೈಯಲ್ಲಿರುತ್ತಿತ್ತು. ನಡೆಯುವಾಗ ಅದನ್ನು ಸುಮ್ಮನೆ ಗಾಳಿಯಲ್ಲಿ ಆಡಿಸುತ್ತಿದ್ದಳು, ಕಚಕ್ ಕಚಕ್ ಅಂತ. ಆ ಸದ್ದು ಹತ್ತಿರ ಬಂದಂತೆ ಮಿಷಿನ್ನುಗಳ ಓಟ ಜೋರಾಗುತ್ತಿತ್ತು. ಅವಳು ಕೂತಿದ್ದನ್ನು ಯಾರೂ ನೋಡಿಲ್ಲ. ಹದಿನೇಳು ವರ್ಷ ನಿಂತೇ ಇದ್ದಳು. ಬುತ್ತಿಯನ್ನೂ ಕಂಬಕ್ಕೆ ಒರಗಿ ನಿಂತು ನಾಲ್ಕು ನಿಮಿಷದಲ್ಲಿ ನುಂಗುತ್ತಿದ್ದಳು. ಒಂದು ಸಲ ಬಸುರಿ ಹೆಂಗಸೊಬ್ಬಳು ಕಾಲು ನೋಯುತ್ತದೆ ಅಂದದ್ದಕ್ಕೆ, ನೋಯೋಕೆ ಕಾಲಿದೆಯಲ್ಲ, ಖುಷಿ ಪಡು ಅಂದಿದ್ದಳು. ಟಾಯ್ಲೆಟ್ಟಿಗೆ ಹೋಗಲು ಲೈನಿಗೆ ಎರಡೇ ಟೋಕನ್ನು. ಒಳಗೆ ಕೂತು ಯಾರಾದರೂ ಅಳುತ್ತಿದ್ದರೆ ಬಾಗಿಲು ತಟ್ಟಿ, ಟೋಕನ್ ವಾಪಸ್ ಕೊಟ್ಟು ಅಳು, ಹೊರಗೆ ಕ್ಯೂ ಐತೆ ಅನ್ನುತ್ತಿದ್ದಳು. ಅಳುವವಳಿಗೂ ನಗು ಬರುತ್ತಿತ್ತು. ಹೊರಗೆ ನಿಂತ ನಾವಂತೂ ನಗುತ್ತಿದ್ದೆವು. ನಮ್ಮ ಸರದಿ ಬರುವ ತನಕ ಅವಳು ಬಹಳ ತಮಾಷೆಯ ಹೆಂಗಸು.

ತಪ್ಪು ಹೊಲಿದವಳ ಕುತ್ತಿಗೆಗೆ ಆ ಪೀಸನ್ನೇ ಕಟ್ಟುವುದು ಅವಳ ಪದ್ಧತಿ. ತೋಳುಗಳನ್ನು ಹಿಂದಕ್ಕೆ ತಂದು ಗಂಟು ಹಾಕುವಳು. ಊಟದ ಬೆಲ್ಲು ಹೊಡೆಯುವ ತನಕ ಬಿಚ್ಚುವ ಹಾಗಿಲ್ಲ. ಹೊಸದಾಗಿ ಬಂದ ಉತ್ತರದ ಜಿಲ್ಲೆಗಳ ಹುಡುಗಿಯರು ಮೊದಲ ವಾರವೇ ಇದನ್ನು ಕಂಡು ಎರಡನೇ ವಾರ ಕೈ ಚುರುಕು ಮಾಡಿಕೊಳ್ಳುತ್ತಿದ್ದರು. ಕೆಲಸ ಕಲಿಸುವುದರಲ್ಲಿ ಅವಳ ಸಮ ಯಾರೂ ಇರಲಿಲ್ಲ ಅನ್ನುವುದು ನಿಜ. ನಾಯಿಗೂ ಹೀಗೆಯೇ ಕಲಿಸುತ್ತಾರೆ.

ನನ್ನ ಕುತ್ತಿಗೆಗೆ ಕಟ್ಟಿದಾಗ ನನಗೆ ಐವತ್ತೈದು ದಾಟಿತ್ತು. ಅವತ್ತು ಮಾಲು ಸಂಜೆಯೊಳಗೆ ಲಾರಿ ಹತ್ತಬೇಕಿತ್ತು. ಕಂಕುಳ ಹೊಲಿಗೆಯಲ್ಲಿ ಸ್ಕಿಪ್ ಬಿದ್ದ ಒಂದಷ್ಟು ಅಂಗಿಗಳಿಗೆ ನಾನು ಬಾಣ ಅಂಟಿಸಿದ್ದೆ. ಸ್ಕಿಪ್ ಎಂದರೆ ಸೂಜಿ ಬಟ್ಟೆಯೊಳಗೆ ಹೋಗಿ ಬಂದಿರುತ್ತದೆ, ದಾರ ಕಚ್ಚಿರುವುದಿಲ್ಲ. ನೋಡಲು ಹೊಲಿಗೆಯಂತೆಯೇ ಕಾಣುತ್ತದೆ. ಎಳೆದರೆ ಸೊರ್ರನೆ ಬಿಚ್ಚಿಕೊಳ್ಳುತ್ತದೆ. ಅವಳು ಬಂದು ನನ್ನ ಬಾಣಗಳನ್ನೆಲ್ಲ ಉಗುರಲ್ಲಿ ಕಿತ್ತು ಉಂಡೆ ಮಾಡಿ ನೆಲಕ್ಕೆ ಹಾಕಿದಳು.

"ಕಾಣದ ಜಾಗದಲ್ಲಿ ತಪ್ಪಿಲ್ಲ ಅಜ್ಜಿ. ಪ್ಯಾಕ್ ಮಾಡ್ಸು."

ಎರಡು ತಿಂಗಳಿಗೆ ಬಯರು, ಮಾಲು ಕೊಳ್ಳುವವನು, ಎಲ್ಲ ವಾಪಸು ಕಳಿಸಿದ. ದೊಡ್ಡ ಸಾಹೇಬರು, ಎಲ್ಲರೂ ಜಿಎಂ ಸಾರ್ ಅನ್ನುತ್ತಿದ್ದವರು, ಲೈನಿಗೇ ಇಳಿದು ಬಂದು ಯಾರ ತಪ್ಪು ಇದು ಅಂದರು. ಸ್ಟಿಕರ್ ಅಂಟಿಸೋದು ಇವಳ ಕೆಲಸ ಸಾರ್, ಅಂಟಿಸಿಲ್ಲ ಅಂದಳು ಅವಳು. ನನ್ನ ಮುಖವನ್ನು ನೋಡಿಕೊಂಡೇ ಅಂದಳು. ಆಮೇಲೆ ಅದೇ ಅಂಗಿಯೊಂದನ್ನು ತಂದು ಕುತ್ತಿಗೆಗೆ ಗಂಟು ಹಾಕಿದಳು. ಗಂಟು ಬಿಗಿಯಾಗಿತ್ತು. ನನ್ನ ಮೊಮ್ಮಗಳ ವಯಸ್ಸಿನ ಹುಡುಗಿಯರು ತಲೆ ಬಗ್ಗಿಸಿಕೊಂಡು ಮಿಷಿನ್ನು ತುಳಿದರು. ಬೆಲ್ಲಾದ ಮೇಲೆ ಬಿಚ್ಚಿ, ಮಡಿಸಿ, ಬುಟ್ಟಿಗೆ ಹಾಕಿ ಊಟಕ್ಕೆ ಹೋದೆ. ಅಳಲಿಲ್ಲ. ಅಳುವ ಬದಲು ಕಾಯುವುದು ಒಳ್ಳೆಯದು.

ಕಾದದ್ದಕ್ಕೆ ಸಮುದ್ರ ಸಿಕ್ಕಿತು.

ಆ ವರ್ಷ ನಮ್ಮ ಲೈನಿಗೆ ಬಂದ ಆರ್ಡರು ಸಮುದ್ರದ ಬಟ್ಟೆಯದು. ಮೈಗೆ ಅಂಟುವ ಉದ್ದ ತೋಳಿನ ಅಂಗಿ, ಮಂಡಿಯ ತನಕದ ಪ್ಯಾಂಟು. ಹೊರದೇಶದ ಹೆಂಗಸರು ಇದನ್ನು ಹಾಕಿಕೊಂಡು ಹಲಗೆಯ ಮೇಲೆ ನಿಂತು ಅಲೆಯ ಮೇಲೆ ಜಾರುತ್ತಾರಂತೆ, ಸರ್ಫಿಂಗು ಅಂತ. ಬಯರ್ ಕಡೆಯ ಮೇಡಂ ಒಬ್ಬಳು ಬಂದಿದ್ದವಳು ನಮ್ಮ ಹುಡುಗಿಯರನ್ನು ನೋಡಿ ಒಂದು ಆಸೆ ಹೇಳಿದಳು. ಈ ಬಟ್ಟೆಯನ್ನು ಹೊಲಿದವಳೇ ಇದನ್ನು ಹಾಕಿಕೊಂಡು ಅಲೆಯ ಮೇಲೆ ನಿಂತ ಒಂದು ಫೋಟೋ ಬೇಕು. ಕಲಿಯಲಿಕ್ಕೆ ಎರಡು ದಿನ, ಮೂರನೆಯ ದಿನ ಬೆಳಿಗ್ಗೆ ಫೋಟೋ.

ಆಗ ಎಲ್ಲ ಲೈನುಗಳ ಮೇಲಿನ ಫ್ಲೋರ್ ಇನ್‌ಚಾರ್ಜ್ ಕೆಲಸ ಖಾಲಿಯಿತ್ತು. ಫ್ಲೋರಿನ ಮೂಲೆಯಲ್ಲಿ ಒಂದು ಗಾಜಿನ ಕ್ಯಾಬಿನ್ನು, ಒಳಗೆ ಫ್ಯಾನು, ತಿರುಗುವ ಕುರ್ಚಿ. ಅಲ್ಲಿಯ ತನಕ ಅದರಲ್ಲಿ ಕೂತವರೆಲ್ಲ ಗಂಡಸರು. ಅವಳು ಆ ಗಾಜನ್ನು ಹಾಯುವಾಗಲೆಲ್ಲ ಕುರ್ಚಿಯ ಕಡೆ ಒಮ್ಮೆ ನೋಡುತ್ತಿದ್ದಳು. ಜಿಎಂ ಸಾರ್ ಎಲ್ಲರೆದುರೇ ಹೇಳಿದರು: ಫೋಟೋ ಸಿಕ್ಕಿದರೆ ಕ್ಯಾಬಿನ್ ನಿಮ್ಮದೇ ಮೇಡಂ. ಕತ್ತರಿಯ ಸದ್ದು ನಿಂತಿತು. ಹದಿನೇಳು ವರ್ಷದಲ್ಲಿ ಮೊದಲ ಸಲ.

ಅವಳಿಗೆ ಆ ಕುರ್ಚಿ ಬೇಕಿತ್ತು. ಅವಳು ಅದರಲ್ಲಿ ಕೂರಬಾರದು ಅನ್ನುವುದು ನನಗೆ ಬೇಕಿತ್ತು.

ಅವಳು ಆರು ಹುಡುಗಿಯರನ್ನು ಆರಿಸಿದಳು. ಜೊತೆಗೆ ನನ್ನನ್ನು. ಪೀಸುಗಳ ಚೀಲ ನೋಡಿಕೊಳ್ಳುವುದು, ದಾರ ಕತ್ತರಿಸುವುದು, ಇಸ್ತ್ರಿ ಮಾಡುವುದು, ಕ್ಯಾಮೆರಾಕ್ಕೆ ಬಟ್ಟೆ ಚೊಕ್ಕಟವಾಗಿ ಕಾಣಬೇಕಲ್ಲ. ಉಡುಪಿ ದಾಟಿ ಒಂದು ಮೀನುಗಾರರ ಊರು. ನಾನು ಸಮುದ್ರ ನೋಡಿದ್ದು ಅದೇ ಮೊದಲು. ನಮ್ಮೂರ ಕೆರೆಗಿಂತ ದೊಡ್ಡದು, ನಾತ ಕಡಿಮೆ.

ಕಲಿಸುವವಳು ಅಲ್ಲಿಯ ಮೀನುಗಾರರ ಮನೆಯ ಹೆಂಗಸು, ಸುನೀತಾ ಅಂತ. ಕಪ್ಪಗೆ, ಗಟ್ಟಿಮುಟ್ಟಾಗಿ ಕಲ್ಲುಗುಂಡಿನ ಹಾಗಿದ್ದಳು. ಅದೇ ಮರಳಿನ ಮೇಲೆ ಇನ್ನೊಂದು ಗುಂಪೂ ಇತ್ತು. ಬ್ರೂಕ್‌ಫೀಲ್ಡ್ ಕಡೆಯ ಸಾಫ್ಟ್‌ವೇರ್ ಹುಡುಗರು ಹುಡುಗಿಯರು, ಎಲ್ಲರೂ ಸೇರಿ ಟ್ರಿಪ್ಪು ಬಂದಿದ್ದವರು. ಅವರಲ್ಲಿ ಯಾರು ನೀರಿಗೆ ಬಿದ್ದರೂ ಉಳಿದವರು ಕೇಕೆ ಹಾಕಿ ಚಪ್ಪಾಳೆ ತಟ್ಟುತ್ತಿದ್ದರು. ನಮ್ಮವಳು ಅದನ್ನು ಸೊಂಟದ ಮೇಲೆ ಕೈಯಿಟ್ಟು ನೋಡಿ, ಬಿದ್ದಿದ್ದಕ್ಕೇ ಚಪ್ಪಾಳೆ ಹೊಡೆದ್ರೆ ಎದ್ದಾಗ ಏನು ಹೊಡೀತಾರೆ ಅಂದಳು.

ನಮ್ಮ ಹುಡುಗಿಯರು ಆ ಬಟ್ಟೆ ಹಾಕಿಕೊಂಡು ಮೇಲೆ ವೇಲು ಹೊದ್ದುಕೊಂಡು ಬಂದರು. ನಾಚಿಕೆ. ಸಾವಿರ ಜನಕ್ಕೆ ಹೊಲಿದು ಕಳಿಸಿದ್ದ ಬಟ್ಟೆ, ಒಬ್ಬಳೂ ಮೈಮೇಲೆ ಹಾಕಿ ನೋಡಿರಲಿಲ್ಲ. ಅವಳು ವೇಲುಗಳನ್ನೆಲ್ಲ ಎಳೆದು ನನ್ನ ಮಡಿಲಿಗೆ ಎಸೆದಳು.

ಸರ್ಫಿಂಗಿನ ಬಗ್ಗೆ ಅವಳಿಗೆ ಗೊತ್ತಿದ್ದದ್ದು ಸೊನ್ನೆ. ಆದರೂ ಕಲಿಸುವ ಕೆಲಸವನ್ನು ಸುನೀತಾಳ ಕೈಯಿಂದ ಕಿತ್ತುಕೊಂಡಳು. ಹಲಗೆಯ ಮೇಲೆ ಬೋರಲು ಮಲಗಿ, ಅಲೆ ತಳ್ಳಿದಾಗ ಎದ್ದು ನಿಲ್ಲಬೇಕು ಎಂದು ಸುನೀತಾ ಒಂದು ಸಲ ಮಾಡಿ ತೋರಿಸಿದಳು. ಅಷ್ಟಕ್ಕೇ ಇವಳು ಅದನ್ನು ನಾಲ್ಕು ತುಂಡು ಮಾಡಿದಳು. ಒಂದು, ಅಂಗೈ ಊರುವುದು. ಎರಡು, ಎದೆ ಎತ್ತುವುದು. ಮೂರು, ಹಿಂದಿನ ಕಾಲು. ನಾಲ್ಕು, ಮುಂದಿನ ಕಾಲು. ತುಂಡು ಕೆಲಸಕ್ಕೆ ನಾವು ಅನ್ನುವ ಹಾಗೆ, ನಾಲ್ಕು ಆಪರೇಷನ್ನು. ಫ್ಯಾಕ್ಟರಿಯಿಂದ ತಂದಿದ್ದ ಸ್ಟಾಪ್‌ವಾಚು ತೆಗೆದಳು. ಆಮೇಲೆ ಮಾಡಿದ್ದು ನಾವು ಗಾರ್ಮೆಂಟ್ಸಿನವರು ಮಾತ್ರ ಮಾಡಬಲ್ಲ ದಡ್ಡತನ. ಒಬ್ಬೊಬ್ಬಳಿಗೆ ಒಂದೊಂದು ಆಪರೇಷನ್ನು ಹಂಚಿದಳು.

ನಮ್ಮಲ್ಲಿ ಕೆಲಸ ನಡೆಯುವುದೇ ಹಾಗೆ. ಕಾಲರಿನವಳು ವರ್ಷವಿಡೀ ಕಾಲರು, ಗುಂಡಿಯವಳು ವರ್ಷವಿಡೀ ಗುಂಡಿ. ಹತ್ತು ವರ್ಷ ದುಡಿದವಳಿಗೂ ಒಂದು ಇಡೀ ಅಂಗಿ ಹೊಲಿಯಲು ಬರುವುದಿಲ್ಲ. ಅದಕ್ಕೇ ಆ ಹಂಚಿಕೆ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಬೆಳಿಗ್ಗೆಯೆಲ್ಲ ಮರಳಿನ ಮೇಲೆ ಇಬ್ಬರು ಬರೀ ಅಂಗೈ ಊರಿದರು, ಒಬ್ಬಳು ಬರೀ ಎದೆ ಎತ್ತಿದಳು, ಇನ್ನೊಬ್ಬಳು ನೂರು ಸಲ ಮುಂದಿನ ಕಾಲನ್ನೇ ಇಟ್ಟಳು. ಅವಳು ಟೈಮ್ ಹಿಡಿದು ಬೈದು ಬೈದು ಒಬ್ಬೊಬ್ಬಳನ್ನೂ ಪಕ್ಕಾ ಮಾಡಿದಳು. ನೀರಿಗೆ ಇಳಿಸಿದರೆ ಅಂಗೈಯವಳು ಅಂಗೈ ಊರಿಕೊಂಡು ಹಾಗೇ ದಡಕ್ಕೆ ಬಂದಳು. ಮುಂದಿನ ಕಾಲಿನವಳು ಮಲಗಿದ್ದಲ್ಲಿಂದಲೇ ಕಾಲು ಮುಂದಕ್ಕೆ ಎಸೆದು ಮೂಗು ಮುಂದಾಗಿ ಮುಳುಗಿದಳು.

ಸುನೀತಾ ನೀರಿನಲ್ಲಿ ನಿಂತು ನಕ್ಕಳು. "ಎಂತ ಮಾರಾಯ್ರೆ ಇದು? ಒಬ್ಬಳು ಏಳುದು, ಇನ್ನೊಬ್ಬಳು ನಿಲ್ಲುದಾ? ಹಲಗೆ ಒಂದೇ ಅಲ್ವಾ?"

ಆ ಮಾತಿಗೆ ನಮ್ಮವಳ ಕಿವಿ ಕೆಂಪಾಯಿತು. ಮಧ್ಯಾಹ್ನದಿಂದ ನಾಲ್ಕು ಆಪರೇಷನ್ನನ್ನೂ ಒಬ್ಬಳೇ ಮಾಡಬೇಕು ಎಂದು ಹೊಸ ಆರ್ಡರು ಹೊರಟಿತು. ಎರಡು ಸೆಕೆಂಡು ಟಾರ್ಗೆಟ್ಟು. ನೀರಿನಲ್ಲಿದ್ದವಳಿಗೆ ಮೂತ್ರ ಬಂದರೆ ಅಲ್ಲಿಂದಲೇ ಕೈ ಎತ್ತಿ ಕೇಳಬೇಕಿತ್ತು. ಸಮುದ್ರದಲ್ಲಿ.

ಇನ್ನೊಂದು ವಿಷಯ ನಾನು ಮೊದಲ ದಿನವೇ ಗಮನಿಸಿದ್ದೆ. ಇಷ್ಟೆಲ್ಲ ಕೂಗಾಡಿದವಳು ಒಮ್ಮೆಯೂ ನೀರಿಗೆ ಕಾಲಿಟ್ಟಿರಲಿಲ್ಲ. ಒಂದು ದೊಡ್ಡ ಅಲೆ ಮೇಲಕ್ಕೆ ಬಂದು ಅವಳ ಚಪ್ಪಲಿ ತೋಯಿಸಿದಾಗ ಹಿಂದಕ್ಕೆ ಓಡಿ ಒಂದು ತೆಂಗಿನ ಮರವನ್ನು ಹಿಡಿದುಕೊಂಡಳು. ಯಾರಾದರೂ ನೋಡಿದರೇನೋ ಎಂದು ಸುತ್ತ ತಿರುಗಿದಳು. ನಾನು ಇಸ್ತ್ರಿ ಪೆಟ್ಟಿಗೆಯ ಕಡೆ ಮುಖ ಮಾಡಿಕೊಂಡೆ. ಕಂಡದ್ದನ್ನೆಲ್ಲ ತಕ್ಷಣ ತೋರಿಸಿಕೊಳ್ಳುವ ಚೆಕ್ಕರ್ ನಾನಲ್ಲ.

ಎರಡನೆಯ ದಿನ ಹುಲಿಗೆಮ್ಮ ಎದ್ದು ನಿಂತಳು. ರಾಯಚೂರು ಕಡೆಯ ಹುಡುಗಿ, ಇಪ್ಪತ್ತೆರಡು ವರ್ಷ, ಹಂಚಿಕಡ್ಡಿಯ ಹಾಗೆ ತೆಳ್ಳಗೆ, ನದಿ ದಂಡೆಯಲ್ಲಿ ಬೆಳೆದವಳು. ಹಲಗೆಯ ಮೇಲೆ ಕೈ ಅಗಲಿಸಿ ದಡದ ತನಕ ಬಂದಳು. ಸಾಫ್ಟ್‌ವೇರಿನವರು ಕೂಡ ಅವಳಿಗೆ ಚಪ್ಪಾಳೆ ತಟ್ಟಿದರು. ನಮ್ಮವಳು ಸ್ಟಾಪ್‌ವಾಚು ನೋಡಿ, ಟೈಮ್ ಜಾಸ್ತಿ, ಇನ್ನೊಂದ್ಸಲ ಅಂದಳು. ಇನ್ನೊಂದು ಸಲ, ಮತ್ತೂ ಇನ್ನೊಂದು ಸಲ. ಸಾಕು, ಹುಡುಗಿಗೆ ಸುಸ್ತಾಗಿದೆ ಎಂದು ಸುನೀತಾ ಹೇಳಿ ನೋಡಿದಳು. ಸಂಜೆಯ ಹೊತ್ತಿಗೆ ಹಲಗೆ ಮೇಲಕ್ಕೆ ಹಾರಿ ಹುಲಿಗೆಮ್ಮನ ಪಕ್ಕೆಗೆ ಬಡಿಯಿತು. ಅವಳು ಬಗ್ಗಿಕೊಂಡೇ ಮರಳಿಗೆ ಬಂದಳು.

"ಉಸುರು ತಗೊಂಡ್ರ ಚುಚ್ಚತೈತ್ರಿ ಮೇಡಮ್."

"ಹಂಗಾದ್ರೆ ಕಮ್ಮಿ ತಗೋ."

ಮೂರನೆಯ ಬೆಳಿಗ್ಗೆ ಬಯರ್ ಕಡೆಯ ಮೇಡಂ ಬಂದಳು. ಫೋಟೋದವನು ಕ್ಯಾಮೆರಾಕ್ಕೆ ನೀರು ಹೋಗದ ಚೀಲ ಕಟ್ಟಿಕೊಂಡು ಎದೆಯುದ್ದ ನೀರಿನಲ್ಲಿ ನಿಂತ. ಹತ್ತು ಗಂಟೆಯ ಮೇಲೆ ಗಾಳಿ ಎದ್ದರೆ ಅಲೆ ಕೆಡುತ್ತದೆ ಎಂದು ಸುನೀತಾ ಹೇಳಿದ್ದಳು. ಹುಲಿಗೆಮ್ಮನಿಗೆ ಬೋರಲು ಮಲಗಲು ಆಗಲಿಲ್ಲ, ಪಕ್ಕೆ ಬಾತು ಹೋಗಿತ್ತು. ಉಳಿದ ಐದು ಹುಡುಗಿಯರು ಸರದಿಯಲ್ಲಿ ಬಿದ್ದರು. ಒಂಬತ್ತು ಗಂಟೆಯಾಯಿತು. ಬಯರ್ ಮೇಡಂ ಕೈಗಡಿಯಾರ ನೋಡಿಕೊಂಡಳು.

ನಮ್ಮವಳು ಬಟ್ಟೆ ಬದಲಿಸುವ ಗರಿಯ ಗುಡಿಸಲಿಗೆ ಬಂದು ನನ್ನೆದುರು ನಿಂತಳು.

"ದೊಡ್ಡ ಸೈಜು ಇದ್ರೆ ಕೊಡು ಅಜ್ಜಿ. ನಾನೇ ಇಳೀತೀನಿ."

ದೊಡ್ಡ ಸೈಜಿನ ಅಂಗಿ ಎರಡಿದ್ದವು. ಪ್ಯಾಂಟು ಒಂದೇ. ಅದು ಆಲ್ಟರ್ ಬುಟ್ಟಿಯಿಂದ ತಪ್ಪಿ ಚೀಲಕ್ಕೆ ಬಂದಿದ್ದ ಪೀಸು. ಹಿಂಭಾಗದ ನಡುಹೊಲಿಗೆಯಲ್ಲಿ ಗೇಣುದ್ದ ಸ್ಕಿಪ್ಪು, ಅದರ ಪಕ್ಕದಲ್ಲಿ ಬೊಮ್ಮನಹಳ್ಳಿಯಲ್ಲೇ ನಾನು ಅಂಟಿಸಿದ್ದ ಕೆಂಪು ಬಾಣ. ಅದನ್ನು ಕಂಡು ಚೀಲದ ತಳಕ್ಕೆ ತುರುಕಿದ್ದೆ. ಸೂಜಿ ದಾರ ನನ್ನ ಸೆರಗಿನ ತುದಿಯಲ್ಲೇ ಇರುತ್ತದೆ, ಯಾವಾಗಲೂ. ಕೂತು ಹೊಲಿದರೆ ಐದು ನಿಮಿಷದ ಕೆಲಸ. ಅವಳು ಬಾಗಿಲ ಕಡೆ ತಿರುಗಿ ಕೂದಲು ಬಿಗಿದು ಕಟ್ಟುತ್ತಿದ್ದಳು. ನಾನು ಬಾಣವನ್ನು ಉಗುರಲ್ಲಿ ಕಿತ್ತೆ, ಉಂಡೆ ಮಾಡಿ ಮರಳಿಗೆ ಹಾಕಿದೆ, ಆ ಜಾಗವನ್ನು ಹೆಬ್ಬೆರಳಲ್ಲಿ ತಿಕ್ಕಿದೆ. ಪ್ಯಾಂಟು ಮಡಿಸಿ ಕೈಗೆ ಕೊಟ್ಟೆ.

"ಚೆಕ್ ಮಾಡಿದ್ಯಾ?"

"ಮಾಡಿವ್ನಿ."

ಅವಳು ಒಳಮೈ ತಿರುಗಿಸಲು ಹೋದಳು. ಅರ್ಧ ತಿರುಗಿಸಿ ಬಿಟ್ಟಳು. ಕಣ್ಣು ಹೊರಗಿನ ಅಲೆಯ ಕಡೆಗೇ ಇತ್ತು.

"ಬಿಡು. ನೀನು ಓಕೆ ಅಂದ್ರೆ ಓಕೆ."

"ಓಕೆ ಮೇಡಂ" ಅಂದೆ.

ಸುನೀತಾ ಅವಳನ್ನು ಮದುವಣಗಿತ್ತಿಯ ಹಾಗೆ ಕೈ ಹಿಡಿದು ಕರೆದುಕೊಂಡು ಹೋದಳು. ಮೊದಲ ಅಲೆಗೇ ನಮ್ಮವಳು ಬಿದ್ದಳು. ಎದ್ದು ಬಾಯಿಂದ ನೀರು ಕಕ್ಕಿ ಸಮುದ್ರಕ್ಕೇ ಏನೋ ಬೈದಳು. ಬೊಬ್ಬೆ ಹಾಕಿದ್ರೆ ನೀರಿಗೆ ಕೇಳುದಿಲ್ಲ ಮೇಡಂ ಎಂದಳು ಸುನೀತಾ. ಮತ್ತೆ ಬಿದ್ದಳು. ಮರಳಿನ ಮೇಲೆ ಕೂತ ನಮ್ಮ ಹುಡುಗಿಯರು ಮೊದಮೊದಲು ತುಟಿ ಕಚ್ಚಿಕೊಂಡರು. ನಾಲ್ಕನೆಯ ಸಲ ಅವಳು ಕಾಲು ಮೇಲಾಗಿ ಬಿದ್ದಾಗ ಒಬ್ಬಳು ಕಿಸಕ್ಕೆಂದಳು. ಅಷ್ಟೇ ಸಾಕಾಯಿತು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಲಿಗೆಮ್ಮ ಒಂದು ಕೈಯಲ್ಲಿ ಪಕ್ಕೆ ಒತ್ತಿಕೊಂಡು ಇನ್ನೊಂದು ಕೈಯಲ್ಲಿ ಸ್ಟಾಪ್‌ವಾಚು ಎತ್ತಿಕೊಂಡಳು. ಮೇಡಂ ಬಿದ್ದ ಸಲವೆಲ್ಲ ಗಟ್ಟಿಯಾಗಿ ಕೂಗಿ ಹೇಳಿದಳು.

"ಟೈಮ್ ಜಾಸ್ತಿ ಆತ್ರಿ ಮೇಡಮ್. ಇನ್ನೊಂದ್ಸಲ."

ಹನ್ನೊಂದು ಸಲ ಬಿದ್ದಳು. ನಾನು ಎಣಿಸಿದೆ.

ಹನ್ನೆರಡನೆಯ ಅಲೆಗೆ ಸುನೀತಾ ಹಲಗೆ ತಳ್ಳಿದಳು. ಅಂಗೈ, ಎದೆ, ಹಿಂದಿನ ಕಾಲು, ಮುಂದಿನ ಕಾಲು. ಅವಳ ತುಟಿ ಅಲ್ಲಾಡುವುದು ದಡಕ್ಕೂ ಕಾಣುತ್ತಿತ್ತು. ಎದ್ದು ನಿಂತೇ ಬಿಟ್ಟಳು. ಏಳಲು ಎರಡೇ ಸೆಕೆಂಡು ಹಿಡಿದಿರಬೇಕು. ಮಂಡಿ ಬಗ್ಗಿಸಿ, ಕೈ ಅಗಲಿಸಿ, ಬಾಯಿ ಬಿಗಿದುಕೊಂಡು ಬಂದಳು. ನಮ್ಮ ನಗು ನಿಂತುಹೋಯಿತು.

ಆ ಬಗ್ಗಿದ ಮಂಡಿಗೆ ಹೊಲಿಗೆ ತಡೆಯಲಿಲ್ಲ. ಸೊಂಟದಿಂದ ಕೆಳಗಿನ ತನಕ ಸೊರ್ರನೆ ಬಿಚ್ಚಿಕೊಂಡು ಎರಡು ಹೋಳಾಯಿತು. ಫೋಟೋದವನು ಅವಳ ಮುಂದೆ ಇದ್ದ, ಅವನಿಗೆ ಕಾಣಲಿಲ್ಲ. ಪಕ್ಕದಲ್ಲಿದ್ದ ನಮಗೆ ಕಂಡಿತು. ಹಿಂದೆ ನೀರಿನಲ್ಲಿದ್ದ ಸಾಫ್ಟ್‌ವೇರಿನವರಿಗೆ ಚೆನ್ನಾಗಿಯೇ ಕಂಡಿತು, ಸಿಳ್ಳೆ ಬಿತ್ತು. ಅವಳಿಗೆ ಗಾಳಿ ತಗುಲಿರಬೇಕು. ಎಡಗೈ ಅರ್ಧ ಹಿಂದಕ್ಕೆ ಹೋಯಿತು. ಪೂರ್ತಿ ಹಿಂದಕ್ಕೆ ಒಯ್ದರೆ ತೂಕ ತಪ್ಪಿ ಬೀಳುತ್ತಾಳೆ, ಬಿದ್ದರೆ ಫೋಟೋ ಇಲ್ಲ, ಫೋಟೋ ಇಲ್ಲದಿದ್ದರೆ ಕುರ್ಚಿ ಇಲ್ಲ. ಆ ಲೆಕ್ಕವನ್ನು ಅವಳು ಅಲೆಯ ಮೇಲೆ ನಿಂತು ಹಾಕಿದ್ದನ್ನು ನಾನು ಕಣ್ಣಾರೆ ಕಂಡೆ. ಕೈ ಮತ್ತೆ ಮುಂದಕ್ಕೆ ಬಂತು. ಹಾಗೇ, ತೆರೆದುಕೊಂಡೇ, ದಡದ ತನಕ ಬಂದಳು. ಬಂದು ಮರಳಿನ ಮೇಲೆ ಇಳಿದು ನಿಂತಳು, ಓಡಲಿಲ್ಲ. ಟವೆಲು ತೆಗೆದುಕೊಂಡು ಹೋದವಳು ಹುಲಿಗೆಮ್ಮ. ನಾನು ಕೂತೇ ಇದ್ದೆ.

ಬಯರ್ ಮೇಡಂ ಕ್ಯಾಮೆರಾದೊಳಗೆ ಫೋಟೋ ನೋಡಿ ಅವಳನ್ನು ತಬ್ಬಿಕೊಂಡಳು. ಮುಂದಿನಿಂದ ಒಂದು ತಪ್ಪೂ ಇರಲಿಲ್ಲ.

ಗುಡಿಸಲಿನಲ್ಲಿ ಅವಳು ಪ್ಯಾಂಟು ಬಿಚ್ಚಿ ಸೀರೆ ಉಟ್ಟುಕೊಂಡ ಮೇಲೆ ಆ ಪೀಸನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ನಾನು ತಿಕ್ಕಿದ್ದು ಸಾಲದಾಗಿತ್ತು. ಬಟ್ಟೆಯ ಮೇಲೆ ಉಳಿದಿದ್ದ ಗೋಂದಿಗೆ ಮರಳು ಕಚ್ಚಿಕೊಂಡು, ಒಂದು ಪುಟ್ಟ ಬಾಣ ಅಚ್ಚೊತ್ತಿದ ಹಾಗೆ ನಿಂತಿತ್ತು. ಅದರ ಮೊನೆ ಬಿಚ್ಚಿದ ಹೊಲಿಗೆಯ ಕಡೆಗೇ ಇತ್ತು. ಅವಳು ಅದರ ಮೇಲೆ ಉಗುರು ಆಡಿಸಿದಳು.

"ಈ ಸಲ ಸ್ಟಿಕರ್ ಕಿತ್ತಿದ್ದು ನಾನಲ್ಲ."

"ಕಾಣದ ಜಾಗ ಮೇಡಂ" ಅಂದೆ.

ಅವಳು ಪೀಸು ಮಡಿಸಿ ತನ್ನ ಬ್ಯಾಗಿಗೆ ಹಾಕಿಕೊಂಡಳು.

ನಮ್ಮ ಬಸ್ಸಿಗಿಂತ ಮೊದಲೇ ವಿಡಿಯೋ ಬೊಮ್ಮನಹಳ್ಳಿಗೆ ಬಂದಿತ್ತು. ಆ ಗುಂಪಿನವರು ಯಾರೋ ಹಿಂದಿನಿಂದ ಫೋನಿನಲ್ಲಿ ಹಿಡಿದಿದ್ದರು. ಸೋಮವಾರ ಕಟಿಂಗ್ ಸೆಕ್ಷನ್ನಿನ ಗಂಡಸರು ಅವಳು ಹಾಯುವಾಗ ಮಂಡಿ ಬಗ್ಗಿಸಿ, ಕೈ ಅಗಲಿಸಿ, ಹಿಂಭಾಗ ಅವಳ ಕಡೆಗೆ ಮಾಡಿ ನಿಂತರು. ಅವಳು ಕತ್ತರಿ ಆಡಿಸುವುದನ್ನು ನಿಲ್ಲಿಸದೆ, ನಾನು ನಿಂತಿದ್ದೆ ಕಣೋ, ಬಗ್ಗಿರೋನು ನೀನು ಎಂದು ಮುಂದೆ ಹೋದಳು. ಮಾತು ಚೆನ್ನಾಗಿತ್ತು. ನಗು ಮಾತ್ರ ನಿಲ್ಲಲಿಲ್ಲ. ವಾರ ಕಳೆದ ಮೇಲೆ ಜಿಎಂ ಸಾರ್ ಕರೆಸಿ, ಜನ ನೋಡಿ ನಗುವವರನ್ನು ಕ್ಯಾಬಿನ್ನಿನಲ್ಲಿ ಕೂರಿಸಿದರೆ ಫ್ಲೋರು ನಡೆಯುವುದಿಲ್ಲ ಮೇಡಂ ಎಂದರಂತೆ. ಫೋಟೋ ದೊಡ್ಡದು ಮಾಡಿಸಿ ಗೇಟಿನ ಬಳಿಯ ಗೋಡೆಗೆ ಹಾಕಿದರು. ಕುರ್ಚಿಗೆ ವಾಷಿಂಗ್ ಸೆಕ್ಷನ್ನಿನ ಒಬ್ಬ ಗಂಡಸನ್ನು ತಂದರು.

ನನಗೆ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಅವತ್ತು ಸಂಜೆ ಶಾವಿಗೆ ಪಾಯಸ ಮಾಡಿ ಎರಡು ಲೋಟ ಕುಡಿದೆ.

ಅವಳು ನನ್ನ ಹೆಸರು ಹೇಳಿದ್ದರೆ ಅವತ್ತೇ ನಾನು ಗೇಟಿನ ಹೊರಗೆ. ಹೇಳುತ್ತಾಳೆ ಎಂದು ದಿನವೂ ಬುತ್ತಿಯ ಜೊತೆ ಒಂದು ಖಾಲಿ ಚೀಲ ತರುತ್ತಿದ್ದೆ, ನನ್ನ ಸಾಮಾನು ತುಂಬಿಕೊಂಡು ಹೋಗಲು. ಅವಳು ಹೇಳಲಿಲ್ಲ. ಪಾಠ ಕಲಿತಳು, ಒಳ್ಳೆಯವಳಾದಳು ಎಂದುಕೊಳ್ಳಬೇಡಿ. ಅದೇ ವಾರ ಒಬ್ಬಳ ಕುತ್ತಿಗೆಗೆ ಪೀಸು ಕಟ್ಟಿದಳು. ಹುಲಿಗೆಮ್ಮ ಪಕ್ಕೆನೋವಿಗೆ ರಜೆ ಕೇಳಿದಾಗ, ಸ್ಟಾಪ್‌ವಾಚ್ ಒತ್ತುವಾಗ ನೋವಿರಲಿಲ್ಲವಾ ಎಂದಳು. ನನಗೆ ಮಾಡಿದ್ದು ಬೇರೆಯದು.

ಗಂಟೆಗೊಂದು ಸಲ ನನ್ನ ಮೇಜಿಗೆ ಬರುತ್ತಿದ್ದಳು. ನಾನು ಓಕೆ ಮಾಡಿಟ್ಟ ಗುಡ್ಡೆಯಿಂದ ಒಂದೊಂದೇ ಪೀಸು ಎತ್ತಿ ಒಳಗೆ ಹೊರಗೆ ತಿರುಗಿಸಿ ನೋಡುತ್ತಿದ್ದಳು. ಮಾತಿಲ್ಲ. ಬೈಗುಳವಿಲ್ಲ. ಬೇರೆ ಲೈನಿನ ಚೆಕ್ಕರುಗಳ ಗುಡ್ಡೆ ಮುಟ್ಟುತ್ತಿರಲಿಲ್ಲ, ನನ್ನದು ಮಾತ್ರ. ಇಡೀ ಫ್ಲೋರು ನೋಡುತ್ತಿತ್ತು. ಕುತ್ತಿಗೆಗೆ ಕಟ್ಟಿದ್ದ ಪೀಸು ಊಟದ ಬೆಲ್ಲಿಗೆ ಇಳಿಯುತ್ತಿತ್ತು, ಇದು ಮೂರು ವರ್ಷ ಇಳಿಯಲಿಲ್ಲ. ಮೂರು ವರ್ಷದಲ್ಲಿ ಅವಳಿಗೆ ಒಂದು ತಪ್ಪೂ ಸಿಗಲಿಲ್ಲ. ಸಿಕ್ಕಿದ್ದರೆ ಇಬ್ಬರಿಗೂ ಸುಲಭವಾಗುತ್ತಿತ್ತು.

ನಾನು ಕೆಲಸ ಬಿಟ್ಟ ದಿನವೂ ಬಂದಳು. ಕೊನೆಯ ಪೀಸನ್ನು ತಿರುಗಿಸಿ, ಹೊಲಿಗೆ ಎಳೆದು ನೋಡಿ, ಓಕೆ ಅಂದಳು. ನನಗಲ್ಲ, ಪೀಸಿಗೆ.

ಚಂದಾಪುರದ ಮನೆ ಎರಡು ಕೋಣೆಯದು. ಅವಳು ಮತ್ತು ಅವಳ ತಂಗಿ ಅಷ್ಟೇ ಇದ್ದದ್ದು. ಗೋಡೆಯ ಮೇಲೆ ಆ ಫೋಟೋ ಇತ್ತು, ಸಣ್ಣದು, ಗಾಜು ಹಾಕಿಸಿದ್ದು. ಬಂದವರೆಲ್ಲ ಅದನ್ನು ನೋಡಿ ಎಂಥಾ ಧೈರ್ಯದ ಹೆಂಗಸು ಎನ್ನುತ್ತಿದ್ದರು. ಮುಖ ಸ್ಪಷ್ಟವಾಗಿದೆ, ಬಲಗೈ ಸ್ಪಷ್ಟವಾಗಿದೆ. ಎಡಗೈ ಮಾತ್ರ ಮಸುಕು. ಕ್ಯಾಮೆರಾದ ದೋಷ ಎಂದು ತಂಗಿ ಯಾರಿಗೋ ವಿವರಿಸುತ್ತಿದ್ದಳು. ನಾನು ತಿದ್ದಲು ಹೋಗಲಿಲ್ಲ.

ಹುಲಿಗೆಮ್ಮನೇ ಮುಂದೆ ನಿಂತು ಹೆಣಕ್ಕೆ ನೀರು ಹಾಕಿಸಿದ್ದಳು. ಈಗ ಆ ಲೈನಿಗೆ ಅವಳೇ ಸೂಪರ್‌ವೈಸರು. ಕೈಯಲ್ಲಿ ಕತ್ತರಿ ಹಿಡಿದ ಅಭ್ಯಾಸ, ಖಾಲಿ ಬೆರಳನ್ನೇ ಆಡಿಸುತ್ತಿದ್ದಳು. ಹೆಂಗಸರು ಸೀರೆ ಉಡಿಸುವಾಗ ನನ್ನನ್ನೂ ಒಳಗೆ ಕರೆದರು. ತೋಳು ಸೆಟೆದುಕೊಂಡಿತ್ತು. ಕುಪ್ಪಸ ಏರಿಸಲು ಎಳೆದಾಗ ಎಡಗಂಕುಳಿನ ಹೊಲಿಗೆ ಬಿಟ್ಟಿತು, ನಾಲ್ಕು ಬೆರಳಷ್ಟು. ಎಳೆದವರಿಗೆ ಅದು ಗೊತ್ತಾಗಲಿಲ್ಲ. ಹೊರಗೆ ಗಾಡಿಯವನು ಹಾರ್ನು ಹೊಡೆಯುತ್ತಿದ್ದ. ಸೆರಗು ಹೊದಿಸಿ, ಹೂವಿಟ್ಟು, ಹುಲಿಗೆಮ್ಮ ಹಿಂದಕ್ಕೆ ಸರಿದು ನನ್ನ ಮುಖ ನೋಡಿದಳು.

"ಒಮ್ಮೆ ನೋಡಿಬಿಡ್ರಿ ಅಜ್ಜಿ. ಓಕೆ ಐತೇನ್ರಿ?"

ಸೂಜಿ ದಾರ ನನ್ನ ಸೆರಗಿನ ತುದಿಯಲ್ಲೇ ಇತ್ತು. ಬೆರಳು ಅಲ್ಲಿಗೆ ಹೋಯಿತು. ಅವಳು ಮಲಗಿದ್ದಳು, ಕಣ್ಣು ಮುಚ್ಚಿಸಿದ್ದರು. ನನ್ನ ಪೀಸನ್ನು ತಿರುಗಿಸಿ ನೋಡುವವರು ಇನ್ನು ಯಾರೂ ಇರಲಿಲ್ಲ.

ಓಕೆ ಅಂದೆ.